"ಆರಾಮ ಅದೀನ್ರಿ" ಅಂದರೆ ಎಷ್ಟು ಮಾರ್ಕು?

ಕವಿತಾಳದಾಗ ಯಾರನ್ನಾದರೂ "ಹೆಂಗದೀರಿ?" ಅಂತ ಕೇಳಿ ನೋಡಿ. "ಆರಾಮ ಅದೀನ್ರಿ" ಅನ್ನುತ್ತಾರೆ. ಮೊಣಕಾಲು ಬಾತಿದ್ದರೂ ಅದೇ ಮಾತು, ರಾತ್ರಿಯೆಲ್ಲ ಕೆಮ್ಮಿ ಎದ್ದಿದ್ದರೂ ಅದೇ ಮಾತು. ಅದು ಶರಣು ಅಂದವರಿಗೆ ತಿರುಗಿ ಶರಣು ಅಂದ ಹಾಗೆ. ಉತ್ತರ ಅಲ್ಲ, ಮರ್ಯಾದೆ. ಈಗ ಈ ಮರ್ಯಾದೆಯ ಮಾತನ್ನು ಫಾರಂನಲ್ಲಿ ತುಂಬಿ, ಅದಕ್ಕೊಂದು ಅಂಕಿ ಕೊಟ್ಟು, ಅಂಥ ಸಾವಿರಾರು ಅಂಕಿಗಳನ್ನು ಕೂಡಿಸಿ ಭಾಗಿಸಿ, "ಈ ಜನರ ಆರೋಗ್ಯ ಇಷ್ಟು, ಬದುಕಿನ ಗುಣಮಟ್ಟ ಇಷ್ಟು" ಎಂದು ಹೇಳುವ ದೊಡ್ಡ ವಿದ್ಯೆಯೇ ಬೆಳೆದು ನಿಂತಿದೆ. ನನ್ನ ತಕರಾರು ಈ ವಿದ್ಯೆಯ ಬಗ್ಗೆ.

ಮೊದಲೇ ಒಂದು ಮಾತು. ರೋಗಿಯನ್ನು ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಬಿಪಿ, ಶುಗರ್ ನೋಡಿ ಚೀಟಿ ಬರೆದು ಕಳಿಸುವ ಡಾಕ್ಟರಿಗಿಂತ "ನಿನಗ ಹೆಂಗ ಅನಸ್ತದವ್ವ?" ಅಂತ ಕೇಳುವ ಡಾಕ್ಟರು ಸಾವಿರ ಪಾಲು ಮೇಲು. ನೋವು ಗೊತ್ತಿರುವುದು ನೋವುಂಡವರಿಗೇ. ಆದರೆ ಕೇಳುವುದು ಬೇರೆ, ಅಳೆಯುವುದು ಬೇರೆ. ಕೇಳಿದ್ದನ್ನೇ ಅಳೆದಿದ್ದು ಅಂತ ತಿಳಿದುಕೊಂಡರೆ ಏನಾಗುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಈ ಪ್ರಶ್ನಾವಳಿಗಳಲ್ಲಿ ಜಗತ್ತಿನ ತುಂಬಾ ಹೆಸರು ಮಾಡಿದ್ದು ಎಸ್‌ಎಫ್-36. ಅಮೆರಿಕದಲ್ಲಿ ತಯಾರಾದದ್ದು, 1992ರಲ್ಲಿ ಪ್ರಕಟವಾಯಿತು, ಹೆಸರೇ ಹೇಳುವ ಹಾಗೆ 36 ಪ್ರಶ್ನೆ. ಅದರ ಮೂಲದಲ್ಲಿ ಒಂದು ಪ್ರಶ್ನೆ ಇದೆ: ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ ಆಡುವುದು, ಗಾಲ್ಫ್ ಆಡುವುದು, ಇಂಥ ಕೆಲಸಗಳಿಗೆ ನಿಮ್ಮ ಆರೋಗ್ಯ ಅಡ್ಡಿಯಾಗಿದೆಯೇ? ಬಹಳ, ಸ್ವಲ್ಪ, ಇಲ್ಲವೇ ಇಲ್ಲ, ಒಂದನ್ನು ಆರಿಸಿ. ಕವಿತಾಳದಲ್ಲಿ ಗಾಲ್ಫ್! :-)

ನಗಬೇಡಿ ಅಂತ ಪಂಡಿತರು ಹೇಳುತ್ತಾರೆ. ಬೇರೆ ಭಾಷೆಗೆ ತರುವಾಗ ಇಂಥವನ್ನು ಬದಲಿಸುತ್ತೇವೆ, ಅಷ್ಟೇ ಶ್ರಮ ಬೇಡುವ ಊರ ಕೆಲಸ ಹಾಕುತ್ತೇವೆ ಅನ್ನುತ್ತಾರೆ. ನಿಜ, ಬದಲಿಸುತ್ತಾರೆ. ಗಾಲ್ಫ್ ತೆಗೆದು ಎರಡು ಕೊಡ ನೀರು ಹೊರುವುದು ಅಂತ ಹಾಕಬಹುದು. ಆದರೆ ರೋಗ ಇರುವುದು ಗಾಲ್ಫಿನಲ್ಲಿ ಅಲ್ಲ, ಪ್ರಶ್ನೆಯ ಬೆನ್ನೆಲುಬಿನಲ್ಲೇ. ಮೈಗೆ ಆರಾಮಿಲ್ಲದಿದ್ದರೆ ಮನುಷ್ಯ ಕೆಲಸ ಕಡಿಮೆ ಮಾಡುತ್ತಾನೆ ಅಂತ ಅದು ನಂಬಿಕೊಂಡಿದೆ. ಗಾಲ್ಫ್ ಬಿಡಬಹುದು. ನೀರು ಬಿಡಲು ಬರುತ್ತದೆಯೇ? ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಸೊಂಟ ಹಿಡಿದಿದೆ. ಕೂಲಿ ಕಿಲೋ ಲೆಕ್ಕದಲ್ಲಿ. ಆಕೆ ಹೊಲಕ್ಕೆ ಹೋಗುತ್ತಾಳೆ, ಬಂದು ಒಲೆ ಹಚ್ಚುತ್ತಾಳೆ, ರೊಟ್ಟಿ ಬಡಿಯುತ್ತಾಳೆ. "ಕೆಲಸಕ್ಕೆ ಅಡ್ಡಿ ಆಗ್ಯದೇನವ್ವ?" ಅಂದರೆ ಆಕೆ ಸುಳ್ಳು ಹೇಳದೆ "ಇಲ್ರಿ, ಎಲ್ಲಾ ಮಾಡ್ತೀನಲ್ರಿ" ಅನ್ನುತ್ತಾಳೆ. ಪೂರ್ತಿ ಮಾರ್ಕು ಬೀಳುತ್ತದೆ! ವಾರಕ್ಕೆರಡು ದಿನ ರಜೆ ಹಾಕಿ ಮಲಗಲು ಅನುಕೂಲ ಇರುವವರಿಗೆ ಮಾರ್ಕು ಕಡಿಮೆ, ಬಿದ್ದೇಳುತ್ತ ದುಡಿಯುವವಳಿಗೆ ಹೆಚ್ಚು. ಇದು ಆರೋಗ್ಯದ ಅಳತೆಯೋ, ಲಾಚಾರಿಯ ಅಳತೆಯೋ ನೀವೇ ಹೇಳಿ.

ಇದು ನನ್ನ ಕಲ್ಪನೆ ಅನ್ನುವವರು 1944ರ ಬಂಗಾಳಕ್ಕೆ ಹೋಗಬೇಕು. ಮಹಾ ಕ್ಷಾಮದ ಮರುವರ್ಷ ಕಲಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಆರೋಗ್ಯ ಸಮೀಕ್ಷೆ ಮಾಡಿದರು. ಹೆಂಡತಿ ಸತ್ತ ಗಂಡಸರಲ್ಲಿ 48.5% ಜನ ತಮಗೆ ಕಾಯಿಲೆ ಇದೆ ಅಥವಾ ಮೈ ಅಷ್ಟಕ್ಕಷ್ಟೆ ಅಂದರು. ಗಂಡ ಸತ್ತ ಹೆಂಗಸರಲ್ಲಿ ಹಾಗೆಂದವರು ಬರೀ 2.5%. ಕ್ಷಾಮದಲ್ಲಿ ವಿಧವೆಯರು ವಿಧುರರಿಗಿಂತ ಇಪ್ಪತ್ತು ಪಟ್ಟು ಗಟ್ಟಿಯಾಗಿದ್ದರು ಅಂತ ನಂಬುವವರು ಯಾರಾದರೂ ಇದ್ದಾರೆಯೇ? ತನಗೂ ಒಂದು ಮೈ ಇದೆ, ಅದರ ಬಗ್ಗೆ ದೂರು ಹೇಳಬಹುದು ಅನ್ನುವ ಹಕ್ಕೇ ಆ ಹೆಂಗಸರಿಗೆ ಇರಲಿಲ್ಲ. ಅಮರ್ತ್ಯ ಸೇನ್ ಈ ಲೆಕ್ಕವನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಪುಟ್ಟ ಲೇಖನದಲ್ಲಿ ಅವರು ಕೇರಳ, ಬಿಹಾರಗಳನ್ನು ಪಕ್ಕಪಕ್ಕ ಇಟ್ಟರು. ಹೆಚ್ಚು ವರ್ಷ ಬದುಕುವ ಕೇರಳದವರು "ಕಾಯಿಲೆ ಇದೆ" ಅನ್ನುವುದು ಹೆಚ್ಚು, ಬೇಗ ಸಾಯುವ ಬಿಹಾರದವರು ಅನ್ನುವುದು ಕಡಿಮೆ. ಅಮೆರಿಕದವರು ಕೇರಳದವರಿಗಿಂತಲೂ ಹೆಚ್ಚು. ಆಮೇಲಿನ ರಾಷ್ಟ್ರೀಯ ಮಾದರಿ ಸಮೀಕ್ಷೆಗಳಲ್ಲೂ, 2017-18ರದ್ದೂ ಸೇರಿ, ಕಾಯಿಲೆ ಹೇಳಿಕೊಳ್ಳುವುದರಲ್ಲಿ ಕೇರಳವೇ ಮುಂದು. ಆಸ್ಪತ್ರೆ, ಶಾಲೆ, ಓದು ಇದ್ದಲ್ಲಿ ಜನ ತಮ್ಮ ಕಾಯಿಲೆಯನ್ನು ಗುರುತಿಸುತ್ತಾರೆ. ಇಲ್ಲದ ಕಡೆ ಅದನ್ನು ವಯಸ್ಸು ಅನ್ನುತ್ತಾರೆ, ಹಣೆಬರಹ ಅನ್ನುತ್ತಾರೆ.

ಬಂಗಾಳ, ಬಿಹಾರ ದೂರ ಆಯಿತೇ? ಕೊಪ್ಪಳಕ್ಕೆ ಬನ್ನಿ. 1997ರ ತನಕ ಅದು ನಮ್ಮ ರಾಯಚೂರು ಜಿಲ್ಲೆಯದೇ ಭಾಗ. ಅಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಜೊತೆಗಾರರು ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ಮಾಡಿ ಬರೆದಿದ್ದಾರೆ. ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆಯನ್ನೇ ಪಡೆಯದಿರುವುದು, ಪಡೆದರೂ ನಡುವೆ ಬಿಡುವುದು ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಬಡ ಹೆಂಗಸರಲ್ಲಿ ಹೆಚ್ಚು. ಆಕೆಯ ಕಾಯಿಲೆಯನ್ನು ಮನೆಯವರು ಒಪ್ಪುವುದಿಲ್ಲ, ಕಡೆಗೆ ಆಕೆಯೂ ಒಪ್ಪುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಬೆರಳು ಚುಚ್ಚಿ ರಕ್ತ ತೆಗೆದು ನೋಡಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನರಿಗೆ ರಕ್ತಹೀನತೆ. ಹತ್ತಿರ ಹತ್ತಿರ ಅರ್ಧ! ಇವರಲ್ಲಿ ಎಷ್ಟು ಜನ "ನನಗೆ ಕಸುವಿಲ್ಲ" ಅಂತ ಫಾರಂನಲ್ಲಿ ಬರೆಸುತ್ತಾರೆ? ಹುಟ್ಟಿದಾಗಿನಿಂದ ರಕ್ತ ಕಡಿಮೆ ಇದ್ದವರಿಗೆ ಕಸುವು ಅಂದರೆ ಏನು ಅಂತ ಹೋಲಿಸಿ ನೋಡಲಿಕ್ಕೆ ಇನ್ನೊಂದು ಮೈ ಎಲ್ಲಿಂದ ಬರಬೇಕು?

ಈಗ ಕವಿತಾಳದ ಓಣಿಗೇ ಬರೋಣ. ಹಿಂದೆ ಮಾನ್ವಿ ತಾಲೂಕು, ಈಗ ಸಿರವಾರ ತಾಲೂಕು. ತಾಲೂಕು ಬದಲಾದರೂ ದೊಡ್ಡ ಬ್ಯಾನಿ ಬಂದರೆ ರಾಯಚೂರಿನ ಬಸ್ಸೇ ಗತಿ. ಇಲ್ಲಿಗೂ ಪ್ರಶ್ನಾವಳಿ ಬಂದಿದೆ. ಎಸ್‌ಎಫ್-36 ಅಲ್ಲ, ಆಶಾ ಕಾರ್ಯಕರ್ತೆ ಕೈಯಲ್ಲಿ ಹಿಡಿದು ಬರುವ ಸಿ-ಬ್ಯಾಕ್ ಫಾರಂ. ಮೂವತ್ತು ದಾಟಿದ ಎಲ್ಲರಿಗೂ ತುಂಬಬೇಕು, ದೇಶದ ತುಂಬಾ ಒಂದೇ ಫಾರಂ. ತಂಬಾಕು ಎಷ್ಟು, ಸೊಂಟ ಎಷ್ಟು, ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ ಇದೆಯೇ... (ದಿನವಿಡೀ ಕಳೆ ಕೀಳುವವರನ್ನು ಕೇಳುವ ಪ್ರಶ್ನೆ ನೋಡಿ ಇದು!) ಕೊನೆಯಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ? ಮನಸ್ಸು ಕುಗ್ಗಿದೆಯೇ, ಭರವಸೆ ಹೋಗಿದೆಯೇ? ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ. ಇವು ಪಿಎಚ್‌ಕ್ಯೂ-9 ಅನ್ನುವ ಅಮೆರಿಕದ ಪ್ರಶ್ನಾವಳಿಯ ಮೊದಲ ಎರಡು ಪ್ರಶ್ನೆಗಳು. ಆ ಪ್ರಶ್ನಾವಳಿ ಮಾಡಲು ದುಡ್ಡು ಕೊಟ್ಟದ್ದು ಫೈಜರ್ ಔಷಧ ಕಂಪನಿ.

ಮೊದಲನೇ ಪ್ರಶ್ನೆಯನ್ನು ಓಣಿಯ ಮಾತಿಗೆ ತನ್ನಿ. "ಅಕ್ಕಾ, ಎರಡು ವಾರದಾಗ ಕೆಲಸದ ಮ್ಯಾಗ ಮನಸ್ಸಿಲ್ಲ ಅಂತ ಅನಿಸ್ಯದೇನು?" ಪಕ್ಕದಲ್ಲಿ ಅತ್ತೆ ಕೂತಿದ್ದಾಳೆ. ಇಂಗ್ಲಿಷಿನವರು ಕೇಳಿದ್ದು ಬದುಕಿನ ರುಚಿಯ ಬಗ್ಗೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದು "ನೀನು ಮೈಗಳ್ಳಿಯೇನು?" ಅಂತ ಆಗಿಬಿಟ್ಟಿತು. ಯಾವ ಸೊಸೆ ಹೌದು ಅಂತಾಳೆ? ಸೊನ್ನೆ ಅಂಕ, ಮನಸ್ಸು ನೆಟ್ಟಗಿದೆ, ಮುಂದಿನ ಮನೆ. ಇಲ್ಲಿ ಆಶಾ ಅಕ್ಕನ ತಪ್ಪು ಏನೂ ಇಲ್ಲ. ಅವರಿಗೆ ಸಿಗುವುದು ಪುಡಿಗಾಸು. ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದು ಇದೇ ಹೆಣ್ಣುಮಕ್ಕಳು. ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅಂದರೆ ಒಂದೊಂದು ಮನಸ್ಸಿನ ಬಾಗಿಲು ತಟ್ಟುತ್ತಾ ಕೂಡಲು ಅವರಿಗೆಲ್ಲಿ ಪುರುಸೊತ್ತು?

ನಮ್ಮ ಜನಕ್ಕೆ ಅಳೆದು ಹೇಳಲು ಬರುವುದಿಲ್ಲ ಅನ್ನುವ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಿರಿಯರನ್ನು ಕೇಳಿ: "ರೂಪಾಯಿದಾಗ ಎಂಟಾಣೆ ಕಡಿಮಿ ಆಗ್ಯದ್ರಿ, ಇನ್ನ ಎಂಟಾಣೆ ಉಳದದ" ಅನ್ನುತ್ತಾರೆ. ಹದಿನಾರಾಣೆಯ ಅಳತೆಗೋಲು! ಐದು ಮೆಟ್ಟಿಲಿನ ಅವರ ಫಾರಂಗಿಂತ ಇದೇ ನಯವಾದದ್ದು. ಬ್ಯಾನಿ ಬೇರೆ, ಜಡ್ಡು ಬೇರೆ, ಸಂಕಟ ಬೇರೆ, ತಳಮಳ ಬೇರೆ ಅಂತ ಬಿಡಿಸಿ ಹೇಳುವ ಮಾತು ನಮ್ಮಲ್ಲಿದೆ. ಇವೆಲ್ಲವನ್ನೂ "ನೋವು/ಅಸೌಖ್ಯ" ಅನ್ನುವ ಒಂದು ಡಬ್ಬಿಗೆ ತುಂಬಿ, "ಸ್ವಲ್ಪ", "ಮಧ್ಯಮ" ಇವೆರಡರ ನಡುವೆ ಆರಿಸು ಅಂದರೆ ತಬ್ಬಿಬ್ಬಾಗುವುದು ಜನರ ದಡ್ಡತನ ಅಲ್ಲ.

ಹೋಗಲಿ ಬಿಡ್ರಿ, ಒಂದು ಫಾರಂ ತಾನೆ ಅನ್ನಬಹುದು. ಬಿಡಲಿಕ್ಕಾಗುವುದಿಲ್ಲ. ಈ ಅಂಕಿಗಳ ಹಿಂದೆ ದುಡ್ಡು ಓಡಾಡುತ್ತದೆ. ಇಕ್ಯೂ-5ಡಿ ಅಂತ ಯುರೋಪಿನ ಸಂಶೋಧಕರು 1990ರಲ್ಲಿ ಹೊರತಂದ ಪ್ರಶ್ನಾವಳಿ ಇದೆ. ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ, ಹೀಗೆ ಐದೇ ಪ್ರಶ್ನೆ. ಉತ್ತರಗಳಿಗೆ ತೂಕ ಕೊಡಲು ಜನರನ್ನು ಕೇಳುವುದು ಹೀಗೆ: ಈ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುತ್ತೀರೋ, ಪೂರ್ತಿ ಆರೋಗ್ಯದಲ್ಲಿ ಅದಕ್ಕಿಂತ ಕಡಿಮೆ ವರ್ಷ ಬದುಕುತ್ತೀರೋ? ಭಾರತದ ತೂಕದ ಪಟ್ಟಿ ಐದು ರಾಜ್ಯಗಳ ಜನರನ್ನು ಕೇಳಿ 2022ರಲ್ಲಿ ಪ್ರಕಟವಾಯಿತು. ಯಾವ ಚಿಕಿತ್ಸೆಗೆ ಸರಕಾರ ದುಡ್ಡು ಹಾಕಿದರೆ ಲಾಭ ಅಂತ ಲೆಕ್ಕ ಹಾಕುವುದು ಇಂಥ ಅಂಕಿಗಳಿಂದ. "ಆರಾಮ ಅದೀನ್ರಿ" ಅಂದ ಊರಿಗೆ ಚಿಕಿತ್ಸೆ ಕೊಟ್ಟರೂ ಅಂಕಿ ಏರುವುದಿಲ್ಲ, ಯಾಕೆಂದರೆ ಅದು ಮೊದಲೇ ಮೇಲಿದೆ. ಕಾಗದದ ಮೇಲೆ ನಾವು ಗಟ್ಟಿ. ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಇಟ್ಟಿತು. ಆಸ್ಪತ್ರೆ, ಶಾಲೆ, ರಸ್ತೆ ಇಂಥವನ್ನು ಎಣಿಸಿ ಹೇಳಿದ್ದು ಅದು. "ನೀವು ತೃಪ್ತರಾಗಿದ್ದೀರಾ?" ಅಂತ ಕೇಳಿ ಪಟ್ಟಿ ಮಾಡಿದ್ದರೆ ಜಯನಗರ ಕೆಳಗೆ, ದೇವದುರ್ಗ ಮೇಲೆ ಬರುತ್ತಿತ್ತೇನೋ! ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಜನ ಧರಣಿ ಕೂತರಲ್ಲ, ಆ ಪೆಂಡಾಲು ಯಾವ ಪ್ರಶ್ನಾವಳಿಗಿಂತಲೂ ಸ್ಪಷ್ಟವಾದ ಉತ್ತರ. ಅದಕ್ಕೆ ಅಂಕ ಕೊಡುವ ಕಾಲಂ ಮಾತ್ರ ಯಾವ ಫಾರಂನಲ್ಲೂ ಇಲ್ಲ.

ಇಂಗ್ಲೆಂಡಿನಲ್ಲಿ 2009ರಿಂದ ಸರಕಾರಿ ಖರ್ಚಿನಲ್ಲಿ ಮಂಡಿ, ಸೊಂಟದ ಕೀಲಿನ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಮೊದಲೊಮ್ಮೆ, ಆಮೇಲೊಮ್ಮೆ ಫಾರಂ ಕೊಡುತ್ತಾರೆ. ಎರಡನ್ನೂ ಹೋಲಿಸಿ ಆಸ್ಪತ್ರೆಗಳ ಫಲಿತಾಂಶ ಪ್ರಕಟಿಸುತ್ತಾರೆ. ಅಲ್ಲಿ ರೋಗಿ ತುಂಬಿದ ಫಾರಂನಿಂದ ಮಾರ್ಕು ಬೀಳುವುದು ಆಸ್ಪತ್ರೆಗೆ. ನಮ್ಮಲ್ಲಿ ಮಾರ್ಕು ಬೀಳುವುದು ರೋಗಿಗೆ. ವ್ಯತ್ಯಾಸ ಇಷ್ಟೇ!

ಇದಕ್ಕೂ ಒಳ್ಳೆಯ ಮಾದರಿ ನಮ್ಮ ಮಗ್ಗುಲಲ್ಲೇ ಇದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಕೆಲಸ ಶುರು ಮಾಡಿದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು, ಗುಳಿಗೆಯನ್ನೂ ಅಲ್ಲಿಗೇ ಒದಗಿಸಿದರು. ಪ್ರಶ್ನೆಯ ಬೆನ್ನಿಗೇ ಔಷಧ. ಅದೇ ಬಳ್ಳಾರಿ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಉತ್ತರಕ್ಕೆ ಪ್ರತಿಯಾಗಿ ಏನಾದರೂ ಸಿಗುತ್ತದೆ ಅಂತ ಗೊತ್ತಾದರೆ ಜನ ನಿಜ ಹೇಳುತ್ತಾರೆ. ಇಲ್ಲದಿದ್ದರೆ ಯಾಕೆ ಹೇಳಬೇಕು?

ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಈ ಎಲ್ಲಕ್ಕಿಂತ ವಾಸಿ ಅಂತ ಒಪ್ಪುತ್ತೇನೆ. ಮದರಾಸು, ದಿಲ್ಲಿ ಸೇರಿ ಜಗತ್ತಿನ 15 ಕೇಂದ್ರಗಳಲ್ಲಿ ಜನರನ್ನು ಕೇಳಿ ಮಾಡಿದ ದೊಡ್ಡ ಪಟ್ಟಿಯಿಂದ ಆರಿಸಿದ್ದು, ಕನ್ನಡದಲ್ಲೂ ಇದೆ. ನಿಮ್ಮ ಸುತ್ತಲ ಪರಿಸರ ಎಷ್ಟು ಆರೋಗ್ಯಕರ, ಅಗತ್ಯಕ್ಕೆ ಸಾಕಷ್ಟು ಹಣ ಇದೆಯೇ ಅಂತೆಲ್ಲ ಅದು ಕೇಳುತ್ತದೆ. ನೀರಿನಲ್ಲಿ ಫ್ಲೋರೈಡ್ ಇರುವ ನಮ್ಮ ಜಿಲ್ಲೆಯಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ. ಆದರೆ ಫ್ಲೋರೈಡ್ ನಾಲಿಗೆಗೆ ಗೊತ್ತಾಗುವುದಿಲ್ಲ, ಸ್ವಾಮಿ. ನೀರನ್ನೂ ಪರೀಕ್ಷಿಸಬೇಕು.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ನಾಲ್ಕೇ.

1. ಪ್ರಶ್ನೆ ಹುಟ್ಟುವುದು ಊರಲ್ಲಿ ಆಗಲಿ. "ಅಡ್ಡಿಯಾಗಿದೆಯೇ" ಅಂತ ಕೇಳಬೇಡಿ. "ಹೋದ ವರ್ಷ ದಿನಕ್ಕ ಎಷ್ಟು ಕಿಲೋ ಹತ್ತಿ ಬಿಡಸ್ತಿದ್ದಿ, ಈಗೆಷ್ಟು?" ಅಂತ ಕೇಳಿ. ನಿಜ ತಾನಾಗಿ ಹೊರಬೀಳುತ್ತದೆ.

2. ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಕೇಳಿ. ಅತ್ತೆ, ಗಂಡನ ಮುಂದೆ ಪಡೆದ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ.

3. ಹೇಳಿದ್ದನ್ನೂ ಅಳೆದದ್ದನ್ನೂ ಪಕ್ಕಪಕ್ಕ ಇಟ್ಟು ಪ್ರಕಟಿಸಿ. ರಕ್ತ ಕಡಿಮೆ, "ಆರಾಮ" ಹೆಚ್ಚು ಇರುವ ಊರು ಕಂಡರೆ ಅಲ್ಲಿಗೇ ಮೊದಲು ಓಡಿ.

4. ಉತ್ತರದ ಹಿಂದೆ ದವಾಖಾನಿ ಇರಲಿ. ಗುಳಿಗೆ ಇಲ್ಲದ ಊರಲ್ಲಿ ಪ್ರಶ್ನೆ ಕೇಳುವುದು ಹಸಿದವರ ಮುಂದೆ ಊಟದ ಪಟ್ಟಿ ಓದಿದ ಹಾಗೆ.

ಇದನ್ನು ಇಲ್ಲಿ ಬರೆಯಲು ಕಾರಣ ಇದೆ. ಒಂದೊಂದು ಇಂಗ್ಲಿಷ್ ಪದಕ್ಕೆ ಯಾವ ಕನ್ನಡ ಪದ ಸರಿ ಅಂತ ವಾರಗಟ್ಟಲೆ ಜಗಳ ಆಡುವ ಮಂದಿ ನಾವು. ಸಾಫ್ಟ್‌ವೇರ್‌ಗೆ ಕನ್ನಡ ತೊಡಿಸಿದವರು ಇಲ್ಲಿದ್ದೀರಿ, ಡಾಕ್ಟರುಗಳೂ ಇದ್ದೀರಿ. ಒಂದು "ಕೆಲಸ" ಅನ್ನುವ ಪದ ತಪ್ಪಿ ಬಿದ್ದರೆ ಒಬ್ಬ ಸೊಸೆಯ ಸಂಕಟ ಸೊನ್ನೆಯಾಗುತ್ತದೆ ಅನ್ನುವಾಗ ಈ ಜಗಳವನ್ನು ಅಲ್ಲಿಗೂ ಒಯ್ಯೋಣ. ಬೀದರಿನಿಂದ ಚಾಮರಾಜನಗರದ ತನಕ, ಕಾಸರಗೋಡಿನ ತನಕ, ಆರಾಮಿಲ್ಲದಾಗ ನಿಮ್ಮ ನಿಮ್ಮ ಊರಲ್ಲಿ ಜನ ನಿಜವಾಗಿ ಏನನ್ನುತ್ತಾರೆ? ಕೆಳಗೆ ಬರೆಯಿರಿ. ಒಂದು ಪಟ್ಟಿ ಮಾಡೋಣ. ಫಾರಂ ಮಾಡುವವರು ಇನ್ನು ಮುಂದೆ ಕನ್ನಡದಲ್ಲಿ ಪದವೇ ಇಲ್ಲ ಅಂತ ಹೇಳುವ ಹಾಗಿರಬಾರದು.