ಬೆತ್ತ ಮತ್ತು ಬ್ರಯನ್ ಕ್ಲಫ್

ಕಳೆದ ತಿಂಗಳು ನಡೆದ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ನನಗೆ ಶಾಲು ಹೊದಿಸಿ, ಹಾರ ಹಾಕಿ ಕೂರಿಸಿದಿರಿ. ಆಗ ಮಾತನಾಡಿದ ಶಿಷ್ಯನೊಬ್ಬ, “ಮೇಷ್ಟ್ರು ಅಂದು ಬೆತ್ತ ಹಿಡಿಯದೆ ಇದ್ದಿದ್ದರೆ ಇಂದು ನಾವು ಯಾರೂ ಈ ಸ್ಥಿತಿಗೆ ಬರುತ್ತಿರಲಿಲ್ಲ” ಎಂದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ನಕ್ಕೆ. ಊಟಕ್ಕೆ ಕುಳಿತಾಗ ಫುಟ್‌ಬಾಲಿನ ಹುಚ್ಚಿರುವ ಮತ್ತೊಬ್ಬ ಅದೇ ಮಾತನ್ನು ಮುಂದುವರಿಸಿ, “ಬ್ರಯನ್ ಕ್ಲಫ್‌ನನ್ನೇ ನೋಡಿ ಸಾರ್, ಆಟಗಾರರು ಅವನೆದುರು ನಡುಗುತ್ತಿದ್ದರು. ಅದಕ್ಕೇ ಗೆದ್ದರು” ಎಂದ. ನನಗೂ ಕ್ಲಫ್ ಬಗ್ಗೆ ಬಹುಕಾಲದಿಂದ ಕುತೂಹಲವಿದೆಯೆಂಬುದು ಅವನಿಗೆ ಗೊತ್ತು. ಕೈಯಲ್ಲಿ ಹೋಳಿಗೆ ಹಿಡಿದುಕೊಂಡು ವಾದ ಮಾಡುವುದು ಸಲ್ಲದೆಂದು ಅಲ್ಲಿ ಸುಮ್ಮನಾದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ಲಫ್ ಹುಟ್ಟಿದ್ದು 1935ರಲ್ಲಿ, ಇಂಗ್ಲೆಂಡಿನ ಈಶಾನ್ಯ ಭಾಗದ ಮಿಡಲ್ಸ್‌ಬರೋ ಎಂಬ ಕಾರ್ಖಾನೆಗಳ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಒಬ್ಬ. ಆ ಕಾಲದಲ್ಲಿ ಅಲ್ಲಿಯ ಮಕ್ಕಳಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಪರೀಕ್ಷೆ ಇರುತ್ತಿತ್ತು. ತೇರ್ಗಡೆಯಾದವರು ಗ್ರಾಮರ್ ಶಾಲೆಗೆ, ಉಳಿದವರು ಸಾಮಾನ್ಯ ಶಾಲೆಗೆ. ಕ್ಲಫ್ ಅದರಲ್ಲಿ ನಪಾಸಾದ. ಮುಂದೆ ಯಾವ ಪ್ರಮಾಣಪತ್ರವೂ ಇಲ್ಲದೆ ಶಾಲೆ ಬಿಟ್ಟು ಐಸಿಐ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಆದರೆ ಓದಿನಲ್ಲಿ ಹಿಂದಿದ್ದ ಆ ಹುಡುಗನನ್ನು ಶಾಲೆಯವರು ವಿದ್ಯಾರ್ಥಿ ನಾಯಕನನ್ನಾಗಿ ಮಾಡಿದ್ದರು. ಅವನಲ್ಲಿ ಏನೋ ಇದೆಯೆಂದು ಗುರುತಿಸಿದ ಆ ಮೇಷ್ಟ್ರು ಯಾರಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಆಟಗಾರನಾಗಿ ಆತ ಗೋಲು ಹೊಡೆಯುವ ಯಂತ್ರವೇ ಆಗಿದ್ದ. ಮಿಡಲ್ಸ್‌ಬರೋ ಮತ್ತು ಸಂಡರ್‌ಲ್ಯಾಂಡ್ ತಂಡಗಳ ಪರವಾಗಿ 274 ಲೀಗ್ ಪಂದ್ಯಗಳಲ್ಲಿ 251 ಗೋಲುಗಳು. 1962ರ ಕ್ರಿಸ್‌ಮಸ್‌ನ ಮರುದಿನ, ಬರಿ ತಂಡದ ವಿರುದ್ಧದ ಪಂದ್ಯದಲ್ಲಿ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಇಂದಿನಂಥ ಶಸ್ತ್ರಚಿಕಿತ್ಸೆ ಆಗ ಇರಲಿಲ್ಲ. ಎರಡು ವರ್ಷ ಹೆಣಗಾಡಿ, ಮತ್ತೆ ಮೂರೇ ಪಂದ್ಯ ಆಡಿ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಆಟ ಬಿಡಬೇಕಾಯಿತು. 1965ರಲ್ಲಿ, ಮೂವತ್ತರ ಹರೆಯದಲ್ಲಿ, ಲೀಗಿನ ಕಟ್ಟಕಡೆಯ ದರ್ಜೆಯಲ್ಲಿ ಏದುಸಿರು ಬಿಡುತ್ತಿದ್ದ ಹಾರ್ಟ್ಲ್‌ಪೂಲ್ಸ್ ಯುನೈಟೆಡ್ ಎಂಬ ಬಡ ತಂಡಕ್ಕೆ ಮ್ಯಾನೇಜರನಾಗಿ ಹೋದ. ಜೊತೆಯಲ್ಲಿ ಮಿಡಲ್ಸ್‌ಬರೋ ದಿನಗಳ ಗೆಳೆಯ, ಮಾಜಿ ಗೋಲ್‌ಕೀಪರ್ ಪೀಟರ್ ಟೇಲರ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಇವರಿಬ್ಬರೂ 1967ರಲ್ಲಿ ಎರಡನೆಯ ದರ್ಜೆಯಲ್ಲಿದ್ದ ಡರ್ಬಿ ಕೌಂಟಿಗೆ ಹೋದರು. 1969ರಲ್ಲಿ ಅದು ಮೊದಲ ದರ್ಜೆಗೇರಿತು, 1972ರಲ್ಲಿ ಲೀಗ್ ಚಾಂಪಿಯನ್ ಆಯಿತು. ಮುಂದೆ ಕ್ಲಫ್ 1975ರಲ್ಲಿ, ಅದೇ ಎರಡನೆಯ ದರ್ಜೆಯಲ್ಲಿ ಹದಿಮೂರನೆಯ ಸ್ಥಾನದಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ. ಮರುವರ್ಷ ಟೇಲರ್ ಬಂದು ಜೊತೆಗೂಡಿದ. 1977ರಲ್ಲಿ ಬಡ್ತಿ, 1978ರಲ್ಲಿ ಲೀಗ್ ಪ್ರಶಸ್ತಿ, 1979 ಮತ್ತು 1980ರಲ್ಲಿ ಯೂರೋಪಿಯನ್ ಕಪ್. ದೊಡ್ಡ ನಗರವೂ ಅಲ್ಲದ, ದೊಡ್ಡ ಧನಿಕರೂ ಇಲ್ಲದ ಒಂದು ತಂಡ ಯೂರೋಪಿನ ಪಟ್ಟವನ್ನು ಸತತ ಎರಡು ಬಾರಿ ಗೆದ್ದಿತೆಂದರೆ ಇಂದು ನಂಬುವುದು ಕಷ್ಟ.

ಇದೆಲ್ಲ ಭಯದಿಂದ ಆದದ್ದೇ? ಜಾನ್ ರಾಬರ್ಟ್ಸನ್ ಎಂಬ ಸ್ಕಾಟ್‌ಲ್ಯಾಂಡಿನ ಆಟಗಾರನನ್ನು ನೋಡಿ. ಕ್ಲಫ್ ಬಂದಾಗ ಆತ ಮೈ ಬಂದ, ಸೊಂಪಾಗಿ ಸಿಗರೇಟು ಸೇದುತ್ತಿದ್ದ, ತಂಡದಿಂದ ಹೊರಹೋಗುವ ಹಂತದಲ್ಲಿದ್ದ ಹುಡುಗ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೊನೆಯ ಬೆಂಚಿನವನು. ಅವನನ್ನು ಎಡ ಅಂಚಿಗೆ ನಿಲ್ಲಿಸಿ, ಚೆಂಡನ್ನು ಅವನಿಗೇ ಕೊಡಿರೆಂದು ಉಳಿದವರಿಗೆ ಹೇಳಲಾಯಿತು. ಓಡಲಾರನೆಂದು ಬೈಯುವ ಬದಲು, ಓಡಬೇಕಾಗದ ಸ್ಥಳವನ್ನು ಅವನಿಗೆ ಹುಡುಕಿಕೊಟ್ಟರು. 1979ರಲ್ಲಿ ಮ್ಯೂನಿಕ್ಕಿನಲ್ಲಿ ಮಾಲ್ಮೋ ವಿರುದ್ಧ ಟ್ರೆವರ್ ಫ್ರಾನ್ಸಿಸ್ ತಲೆಯಿಂದ ಹೊಡೆದ ಏಕೈಕ ಗೋಲಿಗೆ ಚೆಂಡು ಒದಗಿಸಿದವನು ರಾಬರ್ಟ್ಸನ್. ಮರುವರ್ಷ ಮ್ಯಾಡ್ರಿಡ್ಡಿನಲ್ಲಿ ಹ್ಯಾಂಬರ್ಗ್ ವಿರುದ್ಧದ ಏಕೈಕ ಗೋಲು ಅವನದೇ.

1979ರ ಲೀಗ್ ಕಪ್ ಅಂತಿಮ ಪಂದ್ಯದ ಹಿಂದಿನ ರಾತ್ರಿ, ಬೇಗ ಮಲಗಬೇಕೆಂದವರನ್ನೂ ಬಿಡದೆ ಎಲ್ಲರನ್ನೂ ಕೂರಿಸಿ ಷಾಂಪೇನ್ ಕುಡಿಸಿ ನಗಿಸಿದ್ದು ಪ್ರಸಿದ್ಧ ಸಂಗತಿ. (ಮದ್ಯದ ವಿಷಯದಲ್ಲಿ ನಾನು ಅವನನ್ನು ಅನುಮೋದಿಸುವವನಲ್ಲ. ಅದು ಕೊನೆಗೆ ಅವನ ಯಕೃತ್ತನ್ನೇ ತಿಂದಿತು.) ಮರುದಿನ ಸೌತಾಂಪ್ಟನ್ ವಿರುದ್ಧ 3–2ರಿಂದ ಗೆದ್ದರು. ಪರೀಕ್ಷೆಯ ಹಿಂದಿನ ದಿನ ಮಕ್ಕಳ ಎದೆಯ ಭಾರ ಇಳಿಸುವ ಮೇಷ್ಟ್ರು ಇವನು. ನಾನು ಪರೀಕ್ಷೆಯ ಹಿಂದಿನ ದಿನ ಏನು ಮಾಡುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು.

ಇನ್ನು, ಆತ ನಿಜಕ್ಕೂ ಬೆತ್ತ ಬೀಸಿದ ಕಡೆ ಏನಾಯಿತು? 1974ರಲ್ಲಿ ಟೇಲರ್ ಇಲ್ಲದೆ ಒಬ್ಬನೇ ಲೀಡ್ಸ್ ಯುನೈಟೆಡ್‌ಗೆ ಹೋದ. ಅದು ಆಗಿನ ಚಾಂಪಿಯನ್ ತಂಡ. ಹಿಂದಿನ ಮ್ಯಾನೇಜರ್ ಡಾನ್ ರೆವಿಯನ್ನು ಆಟಗಾರರು ತಂದೆಯಂತೆ ಕಾಣುತ್ತಿದ್ದರು. ಕ್ಲಫ್ ಅವರನ್ನು ಸೇರಿಸಿಕೊಂಡು, ನೀವು ಗೆದ್ದ ಪದಕಗಳನ್ನೆಲ್ಲ ಕಸಕ್ಕೆ ಎಸೆಯಿರಿ, ಅವು ಮೋಸದಿಂದ ಗಳಿಸಿದವು ಎಂಬರ್ಥದ ಮಾತನಾಡಿದನಂತೆ. ನಲವತ್ತನಾಲ್ಕು ದಿನಗಳಲ್ಲಿ ಅವನನ್ನು ಮನೆಗೆ ಕಳುಹಿಸಿದರು. ಹೊಸ ಶಾಲೆಗೆ ವರ್ಗವಾಗಿ ಹೋಗಿ, ಮೊದಲ ದಿನವೇ ಹಿಂದಿನ ಮೇಷ್ಟ್ರನ್ನು ಹಳಿದು ತರಗತಿಯನ್ನು ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಜಸ್ಟಿನ್ ಫಶಾನು ಕಥೆ ಇನ್ನೂ ಕಹಿ. 1981ರಲ್ಲಿ ಹತ್ತು ಲಕ್ಷ ಪೌಂಡ್ ಕೊಟ್ಟು ನಾರಿಚ್ ತಂಡದಿಂದ ಕರೆತಂದ ಇಪ್ಪತ್ತರ ಹುಡುಗ. ಅವನು ಸಲಿಂಗಿಗಳ ಕ್ಲಬ್ಬುಗಳಿಗೆ ಹೋಗುತ್ತಾನೆಂದು ತಿಳಿದಾಗ ಕ್ಲಫ್ ಅವನನ್ನು ಕರೆಸಿ ಹೀಯಾಳಿಸಿದ. ತರಬೇತಿಗೆ ಬರಬೇಡವೆಂದ. ಬಂದಾಗ ಪೊಲೀಸರನ್ನು ಕರೆಸಿದ. ಆ ಹುಡುಗ 1990ರಲ್ಲಿ ತನ್ನ ವಿಷಯವನ್ನು ಬಹಿರಂಗವಾಗಿ ಹೇಳಿಕೊಂಡ. 1998ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ತಾನಾಗಿಯೇ ಪ್ರಾಣ ಕಳೆದುಕೊಂಡ. ಅದಕ್ಕೆ ಕ್ಲಫ್ ಕಾರಣನೆಂದು ನಾನು ಹೇಳುವುದಿಲ್ಲ. ನಡುವೆ ಬಹಳ ವರ್ಷಗಳು, ಬಹಳ ಸಂಗತಿಗಳು ಇವೆ. ಆದರೆ ರಾಬರ್ಟ್ಸನ್ನನಲ್ಲಿ ಇಲ್ಲದಂತೆ ತೋರುತ್ತಿದ್ದ ಆಟಗಾರನನ್ನು ಕಂಡ ಅದೇ ಕಣ್ಣು ಇಲ್ಲಿ ಎದುರಿಗಿದ್ದ ಮನುಷ್ಯನನ್ನು ಕಾಣಲಿಲ್ಲ.

ಟೇಲರನ ವಿಷಯಕ್ಕೆ ಬರುತ್ತೇನೆ. ಪ್ರತಿಭೆಯನ್ನು ಹುಡುಕುವುದರಲ್ಲಿ ಟೇಲರನ ಕಣ್ಣು ತನ್ನದಕ್ಕಿಂತ ಚುರುಕೆಂದು ಕ್ಲಫ್‌ಗೆ ಗೊತ್ತಿತ್ತು. 1982ರಲ್ಲಿ ನಿವೃತ್ತನಾದ ಟೇಲರ್ ಕೆಲವೇ ತಿಂಗಳಲ್ಲಿ ಡರ್ಬಿಯ ಮ್ಯಾನೇಜರನಾದ. 1983ರಲ್ಲಿ ಕ್ಲಫ್‌ಗೆ ತಿಳಿಸದೆ ಅದೇ ರಾಬರ್ಟ್ಸನ್ನನನ್ನು ಕೊಂಡ. ಅಂದು ನಿಂತ ಮಾತು ಮತ್ತೆ ಆರಂಭವಾಗಲೇ ಇಲ್ಲ. 1990ರಲ್ಲಿ ಟೇಲರ್ ತೀರಿಕೊಂಡ. ಕ್ಲಫ್ ಅಂತ್ಯಸಂಸ್ಕಾರಕ್ಕೆ ಹೋದ, ನಾಲ್ಕು ವರ್ಷಗಳ ಬಳಿಕ ತನ್ನ ಆತ್ಮಕಥೆಯನ್ನು ಅವನಿಗೇ ಅರ್ಪಿಸಿದ. ಟೇಲರ್ ಹೋದಮೇಲೆ ಫಾರೆಸ್ಟ್‌ಗೆ ಎರಡು ಲೀಗ್ ಕಪ್‌ಗಳು ಬಂದವು ನಿಜ, ಆದರೆ ಲೀಗ್ ಪ್ರಶಸ್ತಿಯಾಗಲಿ ಯೂರೋಪಿಯನ್ ಕಪ್ಪಾಗಲಿ ಮತ್ತೆ ಬರಲಿಲ್ಲ. 1993ರಲ್ಲಿ ತಂಡ ಕೆಳದರ್ಜೆಗೆ ಇಳಿಯಿತು, ಕ್ಲಫ್ ನಿವೃತ್ತನಾದ. 2004ರಲ್ಲಿ ತೀರಿಕೊಂಡ.

1989ರಲ್ಲಿ ನಡೆದ ಇನ್ನೊಂದು ಪ್ರಸಂಗವಿದೆ. ಪಂದ್ಯ ಮುಗಿದಾಗ ಮೈದಾನಕ್ಕೆ ನುಗ್ಗಿದ ಅಭಿಮಾನಿಗಳಿಗೆ ಕ್ಲಫ್ ಕೈಯಾರೆ ಬಾರಿಸಿದ. 5,000 ಪೌಂಡ್ ದಂಡ ಬಿತ್ತು. ಸೋಜಿಗವೆಂದರೆ ಏಟು ತಿಂದವರೇ ಬಂದು ಅವನಲ್ಲಿ ಕ್ಷಮೆ ಕೇಳಿದರು. ಇದನ್ನು ಓದಿದಾಗ ನನಗೆ ಶಾಲು ಹೊದಿಸಿದ ಆ ಸಭೆಯ ನೆನಪಾಯಿತು. ಪ್ರೀತಿಯಿಂದ ಮರಳಿ ಬಂದವರು ಬೆತ್ತವನ್ನೂ ಪ್ರೀತಿಯ ಲೆಕ್ಕಕ್ಕೇ ಸೇರಿಸುತ್ತಾರೆ. ಅದು ನಿಮ್ಮ ದೊಡ್ಡತನ, ನನ್ನ ಬೆತ್ತದ ಗುಣವಲ್ಲ. ಮರಳಿ ಬಾರದವರು ಕೂಟದಲ್ಲಿ ಮಾತನಾಡುವುದಿಲ್ಲ.

ನಿಮ್ಮ ತಂಡದಲ್ಲೇ ಅಂಥವನೊಬ್ಬನಿದ್ದ. ಏಳನೆಯ ತರಗತಿ, ಕಿಟಕಿಯ ಪಕ್ಕದ ಕೊನೆಯ ಬೆಂಚು. ಲೆಕ್ಕ ಬಾರದು, ಆದರೆ ಶಾಲೆಯ ತೋಟದ ಒಂದೊಂದು ಗಿಡವೂ ಅವನ ಕೈಯಲ್ಲಿ ಚಿಗುರುತ್ತಿತ್ತು. ಒಂದು ಸೋಮವಾರ ಮಗ್ಗಿ ತಪ್ಪಿದ್ದಕ್ಕೆ ಅವನಿಗೆ ಬಹಳ ಹೊಡೆದೆ. ಮಂಗಳವಾರ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ. ನಾನು ಅವನ ಮನೆಗೆ ಹೋಗಿ ಕರೆಯಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದೆ, ಅಷ್ಟೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರೆಂದು ನಿಮಗೆ ತಿಳಿಯುತ್ತದೆ. ಅವನು ಈಗ ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ನನಗೊಂದು ಕಾಗದ ಬರೆಯಿರಿ. ಬಸ್ಸು ಹತ್ತುವಷ್ಟು ಶಕ್ತಿ ಕಾಲಿನಲ್ಲಿ ಇನ್ನೂ ಇದೆ.