ಬಾಂಡ್ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದಬೇಕು?



ಹೋದ ಸಂಚಿಕೆಯಲ್ಲಿ ನನ್ನ ಗೆಳೆಯನೊಬ್ಬ ಇದೇ ಗೋಡೆಯ ಮೇಲೆ ಒಂದು ಲೇಖನ ಬರೆದಿದ್ದ. ಪತ್ತೇದಾರಿ, ಗೂಢಚಾರಿ ಕಾದಂಬರಿಗಳನ್ನು ಹೇಗೆ ಬೇಕಾದರೂ ಓದಬಹುದು, ಕೈಗೆ ಯಾವುದು ಸಿಕ್ಕಿತೋ ಅದರಿಂದಲೇ ಶುರು ಮಾಡಿ, ಕೊನೆಗೆ ಕಳ್ಳ ಸಿಕ್ಕಿಬಿದ್ದರೆ ಆಯಿತು ಎಂಬುದು ಅವನ ವಾದ. ಸ್ನೇಹ ಬೇರೆ, ವಾದ ಬೇರೆ. ಅವನ ಮಾತು ತಪ್ಪು ಎಂಬುದು ನನ್ನ ಅಭಿಪ್ರಾಯ. ಯಾಕಂದ್ರೆ ನಾನೂ ಹಾಗೇ ಓದಿ ಕೆಟ್ಟವನು.

ನಮ್ಮ ಸೋದರಮಾವ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಜೇಮ್ಸ್ ಬಾಂಡ್ ಪುಸ್ತಕಗಳನ್ನು ಕೊಂಡು ಕೂಡಿಹಾಕಿದ್ದರು. ಅವು ಈಗ ನಮ್ಮ ಮನೆಯ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯಲ್ಲಿವೆ. ಬರೆದವರು ಇಂಗ್ಲೆಂಡಿನ ಇಯಾನ್ ಫ್ಲೆಮಿಂಗ್. ಎರಡನೇ ಮಹಾಯುದ್ಧದಲ್ಲಿ ಅವರು ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದರು. ಆಮೇಲೆ ಪ್ರತಿ ವರ್ಷ ಚಳಿಗಾಲಕ್ಕೆ ಜಮೈಕಾ ದ್ವೀಪದ ತಮ್ಮ ಮನೆಗೆ ಹೋಗಿ ಕೂತು ಒಂದೊಂದು ಪುಸ್ತಕ ಬರೆಯುತ್ತಿದ್ದರು. 1953ರಿಂದ 1966ರವರೆಗೆ ವರ್ಷಕ್ಕೊಂದರಂತೆ ಒಟ್ಟು 14 ಪುಸ್ತಕ. ಅದರಲ್ಲಿ 12 ಕಾದಂಬರಿ, 2 ಕಥಾಸಂಕಲನ. ಮಾವನ ಪೆಟ್ಟಿಗೆಯಲ್ಲಿ 11 ಇವೆ. ಎರಡಕ್ಕೆ ಇಲಿ ಬಾಯಿ ಹಾಕಿದೆ.

ದಸರಾ ರಜೆಯಲ್ಲಿ ನಾನು ಪೆಟ್ಟಿಗೆ ತೆಗೆದಾಗ ಮೇಲುಗಡೆ ಇದ್ದದ್ದು 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'. 1963ರದ್ದು, ಕ್ರಮದಲ್ಲಿ 11ನೆಯದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಶುರುವಿನಲ್ಲಿ ಬಾಂಡ್ ಫ್ರಾನ್ಸಿನ ಕಡಲತೀರದ ಒಂದು ಊರಿಗೆ ಬಂದಿರುತ್ತಾನೆ. ಪ್ರತಿ ವರ್ಷವೂ ಅಲ್ಲಿಗೆ ಬರ್ತಾನೆ, ಅಲ್ಲಿನ ಚರ್ಚಿನ ಅಂಗಳದಲ್ಲಿರುವ ಒಂದು ಸಮಾಧಿ ನೋಡಿಕೊಂಡು ಹೋಗ್ತಾನೆ ಅಂತ ಬರುತ್ತದೆ. ನಾನು ಅದನ್ನು ಊರಿನ ವರ್ಣನೆ ಅಂದುಕೊಂಡು ಪುಟ ಮಗುಚಿಬಿಟ್ಟೆ. ಯಾವಾಗ ಜಗಳ ಬರುತ್ತೋ, ಯಾವಾಗ ಕಾರು ಓಡುತ್ತೋ ಅಂತ ನನಗೆ ಆತುರ.

ಮೊದಲನೇ ಪುಸ್ತಕ 'ಕ್ಯಾಸಿನೊ ರೊಯಾಲ್' ಕೈಗೆ ಬಂದಿದ್ದು ಕ್ರಿಸ್‌ಮಸ್ ಹೊತ್ತಿಗೆ. ಅದನ್ನು ಮುಗಿಸಿದ ರಾತ್ರಿ ಕರೆಂಟು ಇರಲಿಲ್ಲ. ಟಾರ್ಚು ಹಿಡಿದು ಅಟ್ಟ ಹತ್ತಿ ಆ 11ನೇ ಪುಸ್ತಕ ತೆಗೆದು ಸಮಾಧಿಯ ಆ ಜಾಗ ಮತ್ತೆ ಹುಡುಕಿ ಓದಿದೆ. ಅದು ಯಾರ ಸಮಾಧಿ ಅಂತ ಆಗ ಗೊತ್ತಾಯ್ತು. ಇಲ್ಲಿ ಬರೆಯಲ್ಲ, ಬರೆದರೆ ನಾನು ಮಾಡಿಕೊಂಡ ನಷ್ಟವನ್ನೇ ನಿಮಗೂ ಮಾಡಿದ ಹಾಗೆ. ಮೊದಲ ಪುಸ್ತಕದ ಕೊನೆಯಲ್ಲಿ ಕಲ್ಲಿನ ಹಾಗೆ ಮಾತಾಡಿದ ಮನುಷ್ಯ ಅಷ್ಟು ವರ್ಷವಾದರೂ ಒಂದೂ ಸಲ ತಪ್ಪಿಸದೆ ಅಲ್ಲಿಗೆ ಹೋಗ್ತಾ ಇದ್ದ! ಫ್ಲೆಮಿಂಗ್ ಇದನ್ನು ದೊಡ್ಡದು ಮಾಡಿ ಹೇಳಿಲ್ಲ, ಸುಮ್ಮನೆ ತಿಳಿಸಿ ಮುಂದೆ ಹೋಗಿದ್ದಾರೆ. ಕ್ರಮವಾಗಿ ಓದಿದವನಿಗೆ ಅಲ್ಲಿ ಎದೆ ಹಿಡಿದಂತಾಗುತ್ತದೆ. ಆಮೇಲೆ ಅದೇ ಪುಸ್ತಕದ ಕೊನೇ ಪುಟಕ್ಕೆ ಬಂದಾಗ ಏನಾಗುತ್ತೆ ಅನ್ನೋದು ಓದಿದವರಿಗೇ ಗೊತ್ತು. ಅಂಥ ಪೆಟ್ಟು ಒಂದೇ ಸಲ ತಗಲುವುದು. ನನಗೆ ಅದು ತಪ್ಪಿಹೋಯಿತು.

ಮಾವ ಊರಿಗೆ ಬಂದಾಗ ಕೇಳಿದೆ, "ಮಾವ, ಮೊದಲೇ ಯಾಕೆ ಹೇಳಲಿಲ್ಲ?" ಅದಕ್ಕೆ ಅವರು, "ನನಗೆ ಆ ಮೊದಲನೇ ಪುಸ್ತಕ ಸಿಕ್ಕಿದ್ದೇ ಎಲ್ಲಕ್ಕಿಂತ ಕಡೇಲಿ ಕಣೋ. ಸಿಕ್ಕಿದ್ದನ್ನ ಸಿಕ್ಕಿದ ಹಾಗೆ ಓದಿದೆ. ನಿನಗೆ ಎಲ್ಲ ಒಂದೇ ಪೆಟ್ಟಿಗೇಲಿ ಇತ್ತಲ್ಲೋ" ಅಂದರು. ನನಗೆ ಬಾಯಿ ಬರಲಿಲ್ಲ.

ಸಿನಿಮಾ ಬಂದ ಕ್ರಮದಲ್ಲಿ ಓದಿದರಾಯಿತು ಅನ್ನುವವರೂ ಇದ್ದಾರೆ. ಮೊದಲ ಚಿತ್ರ 1962ರ 'ಡಾಕ್ಟರ್ ನೋ'. ಆದರೆ ಪುಸ್ತಕಗಳಲ್ಲಿ ಅದು 6ನೆಯದು. 5ನೆಯದಾದ 'ಫ್ರಮ್ ರಷ್ಯಾ ವಿತ್ ಲವ್' ಮುಗಿಯುವಾಗ ಬಾಂಡ್ ವಿಷ ತಗಲಿ ನೆಲಕ್ಕೆ ಬೀಳುತ್ತಾನೆ, ಪುಸ್ತಕ ಅಲ್ಲಿಗೇ ನಿಂತುಬಿಡುತ್ತೆ. 1957ರ ಓದುಗರು ಅವನು ಬದುಕಿದನೋ ಸತ್ತನೋ ಅಂತ ತಿಳಿಯಲು ಸುಮಾರು ಒಂದು ವರ್ಷ ಕಾಯಬೇಕಾಯಿತು. ಮುಂದಿನದನ್ನು ಮೊದಲು ಓದಿದವನಿಗೆ ಆ ಕಾಯುವುದೇ ಇಲ್ಲ. ಚಿತ್ರದವರೂ ಕ್ರಮ ತಪ್ಪಿಸಿ ಸಿಕ್ಕಿಹಾಕಿಕೊಂಡಿದ್ದಾರೆ. ಪುಸ್ತಕದಲ್ಲಿ ಬಾಂಡ್ ಮತ್ತು ಬ್ಲೋಫೆಲ್ಡ್ ಎಂಬ ಖಳ ಮೊದಲು ಮುಖಾಮುಖಿಯಾಗುವುದು 11ನೆಯದರಲ್ಲಿ, ಆಮೇಲೆ 12ನೆಯದಾದ 'ಯು ಓನ್ಲಿ ಲಿವ್ ಟ್ವೈಸ್'ನಲ್ಲಿ. ಸಿನಿಮಾದಲ್ಲಿ 12ನೆಯದು 1967ರಲ್ಲೇ ಬಂತು, 11ನೆಯದು 1969ರಲ್ಲಿ. ಹೀಗಾಗಿ ಒಂದು ಚಿತ್ರದಲ್ಲಿ ಎದುರಾಎದುರು ನಿಂತವರು, ಮುಂದಿನ ಚಿತ್ರದಲ್ಲಿ ಗುರುತೇ ಇಲ್ಲದವರ ಥರ ಮಾತಾಡುತ್ತಾರೆ. ನಟರೂ ಬದಲಾಗಿದ್ದರು, ಬಿಡಿ. ನಮ್ಮ ಡಾ. ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳು 1968ರ 'ಜೇಡರ ಬಲೆ'ಯಿಂದ ಶುರುವಾಗಿ ನಾಲ್ಕು ಬಂದವು. ಅವನ್ನು ಹಿಂದುಮುಂದಾಗಿ ನೋಡಿದರೂ ಏನೂ ಹೋಗಲ್ಲ. ಅಲ್ಲಿ ಗೆಳೆಯನ ಮಾತು ಒಪ್ಪುತ್ತೇನೆ.

ನಮ್ಮ ಇಂಗ್ಲಿಷ್ ಮೇಷ್ಟ್ರು ಬೇರೆ ಸಲಹೆ ಕೊಟ್ಟರು. ಭಾಷೆ ಕಷ್ಟ, ಸಣ್ಣಕಥೆಗಳಿಂದ ಶುರು ಮಾಡಿ ಅಂತ. ಅವರ ಮಾತಿನಲ್ಲಿ ಅರ್ಥವಿದೆ. ಆದರೆ 1960ರ ಸಂಕಲನದಲ್ಲಿ 'ಕ್ವಾಂಟಮ್ ಆಫ್ ಸೊಲೇಸ್' ಅಂತ ಒಂದು ಕಥೆ ಇದೆ. ಅದರಲ್ಲಿ ಬಾಂಡ್ ಊಟವಾದ ಮೇಲೆ ಕೂತು ಯಾರೋ ಗಂಡಹೆಂಡಿರ ಸಂಸಾರ ಹಾಳಾದ ಕಥೆ ಕೇಳ್ತಾನೆ, ಅಷ್ಟೇ. ಅದನ್ನು ಮೊದಲು ಓದಿದ ನಮ್ಮ ತರಗತಿಯವನೊಬ್ಬ "ಇದರಲ್ಲಿ ಗೂಢಚಾರಿ ಎಲ್ಲಿ ಸಾರ್?" ಅಂದ. ಗುರುಗಳು ಕ್ಷಮಿಸಬೇಕು.

ಇನ್ನೊಂದು ಕ್ರಮ ಕಥೆಯ ಕಾಲದ ಪ್ರಕಾರ. 1964ರಲ್ಲಿ ಫ್ಲೆಮಿಂಗ್ ತೀರಿಕೊಂಡ ಮೇಲೆ ಬೇರೆ ಬೇರೆ ಲೇಖಕರು ಬಾಂಡ್ ಕಥೆ ಮುಂದುವರಿಸಿದ್ದಾರೆ. ಆಂಟನಿ ಹೊರೊವಿಟ್ಜ್ ಎಂಬುವರು 2018ರಲ್ಲಿ ಬರೆದ 'ಫಾರೆವರ್ ಅಂಡ್ ಎ ಡೇ' ಕಾದಂಬರಿ 'ಕ್ಯಾಸಿನೊ ರೊಯಾಲ್'ಗೂ ಹಿಂದಿನ ಕಥೆ. ಹಾಗಂತ ಅದರಿಂದ ಶುರು ಮಾಡೋದು, ಬೀಗರ ಪರಿಚಯಕ್ಕೆ ಮುಂಚೆ ಲಗ್ನಪತ್ರಿಕೆ ಹಂಚಿದ ಹಾಗೆ. 65 ವರ್ಷ ಆದಮೇಲೆ, ಎಲ್ಲ ಗೊತ್ತಿದ್ದವರಿಗಾಗಿ ಬರೆದದ್ದು ಅದು.

ಬರೆದ ಕ್ರಮದಲ್ಲಿ ಓದಿದರೆ ಇನ್ನೊಂದು ಖುಷಿ ಇದೆ. ಗ್ಲಾಸ್ಗೋ ಊರಿನ ಬೂತ್ರಾಯ್ಡ್ ಎಂಬ ಓದುಗರು 1956ರಲ್ಲಿ ಫ್ಲೆಮಿಂಗ್‌ಗೆ ಪತ್ರ ಬರೆದು, ನಿಮ್ಮ ಬಾಂಡ್ ಹಿಡಿಯುವ ಬೆರೆಟಾ ಪಿಸ್ತೂಲು ಹೆಂಗಸರ ಪಿಸ್ತೂಲು, ಬದಲಾಯಿಸಿ ಅಂದರು. ಫ್ಲೆಮಿಂಗ್ ಬೇಜಾರು ಮಾಡಿಕೊಳ್ಳಲಿಲ್ಲ. 'ಡಾಕ್ಟರ್ ನೋ'ದಲ್ಲಿ ಬಾಂಡನ ಕೈಗೆ ವಾಲ್ಥರ್ ಬಂತು. ಅದನ್ನು ಕೊಡಿಸುವ ಅಧಿಕಾರಿಯ ಹೆಸರೇ ಮೇಜರ್ ಬೂತ್ರಾಯ್ಡ್! ಐದು ಪುಸ್ತಕದಲ್ಲಿ ಹಳೇ ಪಿಸ್ತೂಲು ನೋಡಿದವನಿಗೆ ಇದರ ರುಚಿ. (ನಮ್ಮ ಪತ್ರಿಕೆಗೂ ಓದುಗರ ಪತ್ರದ ಡಬ್ಬ ಇದೆ. ಎರಡು ತಿಂಗಳಿಂದ ಖಾಲಿ.)

ಒಂದು ಮಾತನ್ನು ಮುಚ್ಚಿಡಬಾರದು. 2ನೆಯದಾದ 'ಲಿವ್ ಅಂಡ್ ಲೆಟ್ ಡೈ'ನಲ್ಲಿ ಕಪ್ಪು ಜನರ ಬಗ್ಗೆ ಬರೆದಿರುವ ರೀತಿ ಅವಮಾನಕರ. 2023ರ ಹೊಸ ಮುದ್ರಣದಲ್ಲಿ ಕೆಲವು ಮಾತು ತಿದ್ದಿದ್ದಾರೆ, ಮಾವನ ಪ್ರತಿಯಲ್ಲಿ ಹಳೆಯದೇ ಇದೆ. ಹೆಣ್ಣುಮಕ್ಕಳನ್ನು ಚಿತ್ರಿಸುವ ರೀತಿಗೂ ನಮ್ಮ ತರಗತಿಯ ಹುಡುಗಿಯರು ಆಕ್ಷೇಪ ಎತ್ತಿದ್ದಾರೆ, ನ್ಯಾಯವಾಗಿಯೇ. ಅದನ್ನು ನಾನು ಸಮರ್ಥಿಸಲ್ಲ. ಆದರೂ 2ನೆಯದನ್ನು ಬಿಟ್ಟರೆ, ಬಾಂಡನ ಅಮೆರಿಕದ ಗೆಳೆಯ ಫೆಲಿಕ್ಸ್ ಲೀಟರ್ 4ನೆಯದರಲ್ಲಿ ಕೈಯಿದ್ದ ಕಡೆ ಕೊಕ್ಕೆ ಹಾಕ್ಕೊಂಡು ಯಾಕೆ ಬರ್ತಾನೆ ಅಂತ ಗೊತ್ತಾಗಲ್ಲ. ಓದಿ, ಬೈದುಕೊಂಡೇ ಓದಿ. 'ಕ್ಯಾಸಿನೊ ರೊಯಾಲ್'ನಲ್ಲಿ ಚಿತ್ರಹಿಂಸೆಯ ಒಂದು ಅಧ್ಯಾಯ ಇದೆ, ಇಸ್ಪೀಟಾಟ ಬೇರೆ ಪುಟಗಟ್ಟಲೆ ಇದೆ. ಎಂಟನೇ ತರಗತಿಯವರು ಇದಕ್ಕೆ ಕೈ ಹಾಕಬೇಡಿ.

ನಮಗೆ ಮಾರ್ಚಿಯಲ್ಲಿ ಪರೀಕ್ಷೆ, 14 ಓದಲು ಯಾರಿಗೂ ಪುರುಸೊತ್ತಿಲ್ಲ. ಅಂಥವರು 1, 5, 6, 9, 11, 12 ಈ ಆರನ್ನು ಇದೇ ವರಸೆಯಲ್ಲಿ ಓದಲಿ. 13ನೆಯದನ್ನು ಲೇಖಕರು ಸರಿಯಾಗಿ ತಿದ್ದುವ ಮೊದಲೇ ತೀರಿಕೊಂಡರು, ಓದುವಾಗ ಅದು ಗೊತ್ತಾಗುತ್ತದೆ. ಅದು ರಜೆಗೆ ಇರಲಿ.

ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸಿದ್ದೇನೆ. ಮಾವ ಎರವಲು ಕೊಡಲು ಒಪ್ಪಿದ್ದಾರೆ. 1ನೆಯದು ಸದ್ಯ ಒಂಬತ್ತನೇ ತರಗತಿಯ ಒಬ್ಬರ ಹತ್ತಿರ ಇದೆ, ಶನಿವಾರ ವಾಪಸು ಬರುತ್ತೆ. ಬೇಕಾದವರು ಹೆಸರು ಬರೆಸಿ. 11ನೆಯದು ಬೇಕು ಅಂತ ನೇರವಾಗಿ ಬಂದವರಿಗೆ ಕೊಡುವುದಿಲ್ಲ. ಹೋದ ಸಂಚಿಕೆಯ ಲೇಖಕನಿಗೂ ಸಹ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ