ಊಟದಲ್ಲಿ ಬೆರೆಸುವ ಪುಡಿ

‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು.’ ಊರ ಗೋಡೆಗಳ ಮೇಲೆ, ಜಾಹೀರಾತುಗಳಲ್ಲಿ ಇಂಥ ಭರವಸೆಯನ್ನು ನೀವೂ ಓದಿರುತ್ತೀರಿ. ಅದನ್ನು ನಂಬಿ ಹೋಗುವವಳು ಹೆಚ್ಚಾಗಿ ಹೆಂಡತಿ, ಇಲ್ಲವೇ ತಾಯಿ. ತಂದ ಪುಡಿಯನ್ನು ಸಾರಿಗೋ ಮಜ್ಜಿಗೆಗೋ ಬೆರೆಸುತ್ತಾಳೆ. ಬೇರೆ ದಾರಿ ಕಾಣದೆ ಅಲ್ಲಿಗೆ ಹೋದವಳನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಪುಡಿಯ ವಿಷಯ ಹೇಳಲೇಬೇಕು.

ಅದರಲ್ಲಿ ಏನಿದೆ ಎಂಬುದು ಕೊಂಡವರಿಗೆ ತಿಳಿಯುವುದಿಲ್ಲ. ಡೈಸಲ್ಫಿರಾಮ್ ಇದ್ದರಂತೂ ಅಪಾಯ ದೊಡ್ಡದು. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ವೈದ್ಯರು ಬಳಕೆಗೆ ತಂದ ಈ ಔಷಧಿ, ಮದ್ಯ ದೇಹದಲ್ಲಿ ಪೂರ್ತಿ ಕರಗದಂತೆ ಅರ್ಧದಲ್ಲೇ ತಡೆಯುತ್ತದೆ. ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಉಳಿದು, ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗಿಯಾದರೆ ಪ್ರಾಣಕ್ಕೇ ಸಂಚಕಾರ. ಔಷಧಿ ನಿಲ್ಲಿಸಿ ಎರಡು ವಾರವಾದರೂ ಪರಿಣಾಮ ಉಳಿದಿರಬಹುದು. ಹಾಗಾಗಿಯೇ ಇದನ್ನು ರೋಗಿಗೆ ಎಲ್ಲವನ್ನೂ ತಿಳಿಸಿ, ಅವನು ಒಪ್ಪಿದ ಮೇಲೆ ಮಾತ್ರ ಕೊಡಬೇಕು.

ಇನ್ನೊಂದು ಹಾನಿ ಮನಸ್ಸಿನದು. ವಿಷಯ ಗೊತ್ತಾದ ದಿನದಿಂದ ಆ ಮನುಷ್ಯ ಮನೆಯ ಅನ್ನವನ್ನೂ ನಂಬುವುದಿಲ್ಲ. ಅದೆಷ್ಟೋ ಜನರ ಕುಡಿತ ಶುರುವಾಗಿರುವುದೇ ಎಂದೋ ಮುರಿದ ನಂಬಿಕೆಯಿಂದ.

ಇದಕ್ಕೊಂದು ಸುಳಿವು ಬೊಜ್ಜಿನ ಚಿಕಿತ್ಸೆಯಿಂದ ಬಂತು. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬೊಜ್ಜಿಗೆ ಚಿಕಿತ್ಸೆ ಕೊಡುತ್ತಿದ್ದ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರಿಗೆ ಒಂದು ಸಂಗತಿ ಅರ್ಥವಾಗಲಿಲ್ಲ: ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟುಹೋಗುತ್ತಿದ್ದರು. ಕರೆದು ಮಾತಾಡಿಸಿದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದವರೆಂದು ತಿಳಿಯಿತು. ವೈದ್ಯರ ಕಣ್ಣಿಗೆ ರೋಗವಾಗಿದ್ದ ದಪ್ಪ ಮೈ ಅವರಿಗೆ ರಕ್ಷಣೆಯಾಗಿತ್ತು. ಮುಂದೆ ಫೆಲಿಟ್ಟಿ, ರಾಬರ್ಟ್ ಆಂಡಾ ಮೊದಲಾದವರೊಂದಿಗೆ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಉಂಡವರಿಗೆ ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚೆಂದು ಕಂಡುಬಂತು. ನೊಂದವರೆಲ್ಲ ಕುಡುಕರಾಗುತ್ತಾರೆಂದು ಇದರ ಅರ್ಥವಲ್ಲ. ಆದರೆ ಬಾಟಲಿ ಕಿತ್ತುಕೊಂಡು, ಅದು ಮರೆಸುತ್ತಿದ್ದ ನೋವನ್ನು ಹಾಗೇ ಬಿಟ್ಟರೆ, ಆ ಮನುಷ್ಯ ಮತ್ತೆ ಬಾಟಲಿಯನ್ನೇ ಹುಡುಕುವುದು ಸಹಜ.

ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವವರೂ ಇದ್ದಾರೆ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಸಾಯಲೂಬಹುದು. ಅದಕ್ಕೆ ಬೇಕಾದದ್ದು ವೈದ್ಯರ ಕಣ್ಗಾವಲು, ಬೀಗವಲ್ಲ. ಕೂಡಿಹಾಕುವುದು, ಕಟ್ಟಿಹಾಕುವುದು ಎಲ್ಲಿಗೆ ಮುಟ್ಟಬಹುದೆಂದು ಒಮ್ಮೆ ಕಂಡಿದ್ದೇವೆ: 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದವರು ಓಡಲಾಗದೆ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಬಿಗಿಯುವುದನ್ನು ಎಲ್ಲ ರೂಪದಲ್ಲೂ ನಿಷೇಧಿಸಿದೆ. ಕುಡಿತ, ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳೂ ಅದರ ವ್ಯಾಪ್ತಿಯಲ್ಲಿವೆ.

ಕುಡಿತದ ಹಿಂದೆ ಹಳೆಯ ನೋವಿದ್ದರೂ ಅದು ಹೆಂಡತಿಗೆ ಹೊಡೆಯಲು ಪರವಾನಗಿ ಅಲ್ಲ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಮೊದಲು ಅವಳೂ ಮಕ್ಕಳೂ ಸುರಕ್ಷಿತವಾಗಿರಬೇಕು. ಅಪ್ಪನ ಹೆಜ್ಜೆ ಸಪ್ಪಳಕ್ಕೆ ಬೆಚ್ಚುವ ಮಗು ಶಾಲೆಯಲ್ಲಿ ಮೇಷ್ಟರು ದನಿ ಎತ್ತಿದರೂ ಬೆಚ್ಚುತ್ತದೆ, ಇಲ್ಲವೇ ಪಕ್ಕದವನಿಗೆ ಹೊಡೆಯುತ್ತದೆ. ಅಂಥ ಮಗುವಿಗೆ ತಲೆಹರಟೆ ಎಂದು ಹೆಸರಿಟ್ಟು ಬೆತ್ತ ಹಿಡಿದರೆ ಮನೆಯ ಭಯವನ್ನೇ ಶಾಲೆಯಲ್ಲೂ ಉಣಿಸಿದಂತೆ. ಮೇಷ್ಟರೇ, ಆ ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮೆಲುದನಿಯಲ್ಲಿ ಮಾತಾಡಿಸಿ, ಉತ್ತರಕ್ಕೆ ಅವಸರ ಮಾಡಬೇಡಿ.

ಪುಡಿ ತರಲು ಹೊರಟ ತಾಯಂದಿರಲ್ಲಿ ನನ್ನ ವಿನಂತಿ: ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಕುಡಿಯುವವನು ಬರದಿದ್ದರೆ ನೀವೊಬ್ಬರೇ ಹೋಗಿ. ಅದೂ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ನಡೆಯುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.